ಹಳೆಯ ಜೀಪಿಗೆ ಹೊಸ ಬಂಪರ್: ಕಾನೂನು ಒಂದು ದಾರಿ, ಗ್ಯಾರೇಜು ಇನ್ನೊಂದು ದಾರಿ

ಶನಿವಾರ ನಸುಕಿನಲ್ಲಿ ನೆಲಮಂಗಲ ದಾಟಿ ಹಾಸನದ ಕಡೆಗೆ ಹೊರಟವರಿಗೆ ಈ ದೃಶ್ಯ ಹೊಸದಲ್ಲ. ಇಪ್ಪತ್ತು ವರ್ಷ ಮೀರಿದ ಮಾರುತಿ ಜಿಪ್ಸಿ ಅಥವಾ ಮಹೀಂದ್ರ ಜೀಪೊಂದು ನೆಲದಿಂದ ಅಡಿಗಟ್ಟಲೆ ಮೇಲೆದ್ದು ನಿಂತಿರುತ್ತದೆ. ಕಂಪನಿ ಕೊಟ್ಟ ತೆಳು ತಗಡಿನ ಬಂಪರ್ ಇದ್ದ ಜಾಗದಲ್ಲಿ ದಪ್ಪ ಉಕ್ಕಿನ ಹಲಗೆ, ಅದರ ನಡುವೆ ಸುತ್ತಿಟ್ಟ ಹಗ್ಗದ ವಿಂಚ್, ಮೇಲೆ ಸಾಲು ದೀಪ, ಹಿಂದೆ ನೇತುಹಾಕಿದ ಡೀಸೆಲ್ ಕ್ಯಾನು ಇರುತ್ತವೆ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳ ಕೆಸರಿಗೆ ಹೊರಟ ವಾಹನವಿದು ಎಂಬುದು ನೋಡಿದೊಡನೆ ತಿಳಿಯುತ್ತದೆ. ತಿಳಿಯದೆ ಉಳಿಯುವ ಸಂಗತಿ ಒಂದೇ: ಆ ಉಕ್ಕಿನ ಹಲಗೆ ಕಾನೂನುಬದ್ಧವೇ ಅಲ್ಲವೇ? ಮಾಲೀಕನನ್ನು ಕೇಳಿದರೆ ಒಂದು ಉತ್ತರ, ಬಂಪರ್ ಮಾರಿದ ಅಂಗಡಿಯವನದು ಇನ್ನೊಂದು ಉತ್ತರ, ಆರ್‌ಟಿಒ ಕಚೇರಿಯದು ಮತ್ತೊಂದು.

ಹಳೆಯ ವಾಹನವನ್ನು ಇಟ್ಟುಕೊಳ್ಳುವುದೇ ದುಬಾರಿಯಾಗುತ್ತಿರುವ ಕಾಲವಿದು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಹಿಂದೆ 600 ರೂಪಾಯಿ ಸಾಕಾಗುತ್ತಿತ್ತು. 2022ರ ಏಪ್ರಿಲ್ 1ರಿಂದ ಅದು 5,000 ರೂಪಾಯಿಯಾಯಿತು. ಇಪ್ಪತ್ತು ವರ್ಷ ದಾಟಿದ ಲಘು ವಾಹನಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು. ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸಿ ಎಂಬುದು ಇದರ ಹಿಂದಿನ ಸ್ಪಷ್ಟ ಸಂದೇಶ. ಆದರೆ ನಾಲ್ಕೂ ಚಕ್ರಗಳಿಗೆ ಚಾಲನೆ ದೊರೆಯುವ ಹಳೆಯ ಜೀಪುಗಳ ವಿಷಯದಲ್ಲಿ ನಡೆದಿರುವುದು ಇದಕ್ಕೆ ವ್ಯತಿರಿಕ್ತ. ಅವುಗಳ ಮಾಲೀಕರು ಶುಲ್ಕವನ್ನೂ ಕಟ್ಟುತ್ತಾರೆ, ಅದರ ಹತ್ತಾರು ಪಟ್ಟು ಹಣವನ್ನು ಬಂಪರ್, ಟೈರ್, ಸ್ಪ್ರಿಂಗ್‌ಗಳ ಮೇಲೂ ಸುರಿಯುತ್ತಾರೆ.

ಜಿಪ್ಸಿ ಬಿಟ್ಟುಹೋದ ಜಾಗ

ಇದಕ್ಕೆ ಕಾರಣ ಹುಚ್ಚು ವ್ಯಾಮೋಹ ಮಾತ್ರವಲ್ಲ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಜಿಪ್ಸಿ, 1996ರಲ್ಲಿ 1.3 ಲೀಟರ್ ಎಂಜಿನ್ ಪಡೆದು 'ಜಿಪ್ಸಿ ಕಿಂಗ್' ಆಯಿತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂತು. ಅದರ ತೂಕ ಒಂದು ಟನ್ನಿಗೂ ಕಡಿಮೆ. ಪ್ರತ್ಯೇಕ ಚಾಸಿ, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ನಿಧಾನಗತಿಯ ಹೆಚ್ಚುವರಿ ಗೇರು: ಕೆಸರಿನಲ್ಲಿ ಬೇಕಾದದ್ದು ಇಷ್ಟೇ. ಹೊಸ ಸುರಕ್ಷತಾ ನಿಯಮಗಳು ಬಂದಾಗ 2019ರಲ್ಲಿ ಅದು ಸಾರ್ವಜನಿಕ ಮಾರುಕಟ್ಟೆಯಿಂದ ನಿವೃತ್ತವಾಯಿತು. ಅಷ್ಟು ಹಗುರವಾದ, ಅಷ್ಟು ಸರಳವಾದ ಮತ್ತೊಂದು ವಾಹನ ಆ ಬೆಲೆಗೆ ಆಮೇಲೆ ಬರಲಿಲ್ಲ.

ಮಹೀಂದ್ರ ಜೀಪುಗಳ ಕಥೆ ಇನ್ನೂ ಹಳೆಯದು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಕಂಪನಿ, ಅದೇ ಅಸ್ಥಿಪಂಜರದ ಮೇಲೆ ದಶಕಗಳ ಕಾಲ ವಾಹನ ಕಟ್ಟಿತು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಗೊಬ್ಬರದ ಮೂಟೆಯಿಂದ ಹಿಡಿದು ಹೆರಿಗೆಗೆ ಹೊರಟ ಹೆಂಗಸಿನವರೆಗೆ ಎಲ್ಲವನ್ನೂ ಹೊತ್ತದ್ದು ಈ ಜೀಪುಗಳೇ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸುವುದು, ಬಾಡಿ ಉದ್ದ ಮಾಡಿಸುವುದು, ಮುಂದೆ ಕಬ್ಬಿಣದ ಕೊಳವೆ ಬೆಸೆಸುವುದು ಅಲ್ಲಿ ಯಾರ ಕಣ್ಣಿಗೂ 'ಮಾರ್ಪಾಡು' ಆಗಿ ಕಂಡಿರಲಿಲ್ಲ. ಎತ್ತಿನ ಗಾಡಿಗೆ ಹೊಸ ಮೂಕಿ ಹಾಕಿಸಿದಷ್ಟೇ ಸಹಜವಾದ ಕೆಲಸ ಅದಾಗಿತ್ತು. ಮಲೆನಾಡಿನ ಕೆಲವು ಮನೆಗಳಲ್ಲಿ ಜೀಪು ಮಾರುವ ಮಾತೆತ್ತಿದರೆ ಹಿರಿಯರು ಇಂದಿಗೂ ಎದ್ದು ಒಳಗೆ ಹೋಗುತ್ತಾರೆ.

ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ತೋಟದ ಜೀಪಿಗೆ ನಗರದ ಗಿರಾಕಿ ಹುಟ್ಟಿಕೊಂಡಿದ್ದಾನೆ. ವಾರವಿಡೀ ಕಂಪ್ಯೂಟರ್ ಎದುರು ಕುಳಿತು, ವಾರಾಂತ್ಯದಲ್ಲಿ ಬೆಟ್ಟ ಹತ್ತಬಯಸುವವನು ಈತ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲು, ಹರಿಯಾಣದ ಮಂಡಿ ಡಬ್ವಾಲಿಯಿಂದ ಕಟ್ಟಿಸಿಕೊಂಡು ಬರುವ ಜೀಪುಗಳು ಇವನ ಲೋಕ. ತೋಟದವನಿಗೆ ಬಂಪರ್ ಒಂದು ಸಾಧನ. ಇವನಿಗೆ ಅದು ಸ್ವಲ್ಪ ಸಾಧನ, ಸ್ವಲ್ಪ ಆಭರಣ. ಕಾನೂನು ಮಾತ್ರ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ.

ಕಲಂ 52ರ ಬಲೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಈ ಚರ್ಚೆಯ ಮೂಲ. ಮೊದಲು ನೋಂದಣಿ ಅಧಿಕಾರಿಯ ಅನುಮತಿ ಪಡೆದು ವಾಹನದಲ್ಲಿ ಬದಲಾವಣೆ ಮಾಡಿಕೊಳ್ಳಲು ಅವಕಾಶವಿತ್ತು. 2000ದ ತಿದ್ದುಪಡಿ ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಿಸತಕ್ಕದ್ದಲ್ಲ ಎಂಬುದು ಈಗಿನ ನಿಯಮ. ಇಂಧನ ಬದಲಾವಣೆಯಂಥ ಕೆಲವಕ್ಕೆ ಮಾತ್ರ ಷರತ್ತುಬದ್ಧ ವಿನಾಯಿತಿ ಇದೆ.

2019ರ ಜನವರಿ 9ರಂದು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಕೇರಳದ ಪ್ರಕರಣವೊಂದರಲ್ಲಿ ಈ ಕಲಮಿಗೆ ಕಟ್ಟುನಿಟ್ಟಿನ ಅರ್ಥ ನೀಡಿತು. ರಾಜ್ಯದ ನಿಯಮಗಳು ಏನೇ ಹೇಳಲಿ, ಕೇಂದ್ರದ ಕಾಯ್ದೆಯ ನಿಷೇಧವೇ ಅಂತಿಮ ಎಂದು ಹೇಳಿ, ಕೇರಳ ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ಕಾಯ್ದೆ ತಿದ್ದುಪಡಿಯಲ್ಲಿ 182-ಎ ಎಂಬ ಹೊಸ ಕಲಂ ಸೇರಿತು. ಕಾಯ್ದೆ ಅನುಮತಿಸದ ರೀತಿಯಲ್ಲಿ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. 'ಪ್ರತಿಯೊಂದು' ಎಂಬ ಪದವನ್ನು ಗಮನಿಸಬೇಕು. ಮುಂದಿನ ಬಂಪರ್, ಹಿಂದಿನ ಬಂಪರ್, ದೊಡ್ಡ ಟೈರ್, ಎತ್ತರಿಸಿದ ಸ್ಪ್ರಿಂಗ್ ಎಂದು ಅಧಿಕಾರಿ ಎಣಿಸಲು ಕುಳಿತರೆ ಬೆರಳು ಸಾಲದು.

ಬುಲ್ ಬಾರ್‌ಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆಯೂ ಇದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳ ಮುಂದೆ ಅನಧಿಕೃತವಾಗಿ ಅಳವಡಿಸುವ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳು ಕಲಂ 52ರ ಉಲ್ಲಂಘನೆಯೆಂದೂ, ಪಾದಚಾರಿಗಳಿಗೂ ವಾಹನದೊಳಗಿನವರಿಗೂ ಅಪಾಯಕಾರಿಯೆಂದೂ ತಿಳಿಸಿ ಕ್ರಮಕ್ಕೆ ಸೂಚಿಸಿತು. ಅದರ ಬಳಿಕ ಬೆಂಗಳೂರಿನ ಕಾರುಗಳಲ್ಲಿ ಹೊಳೆಯುವ ಸ್ಟೀಲ್ ಕೊಳವೆಗಳು ಒಂದಷ್ಟು ಕಡಿಮೆಯಾದವು.

ಇಲ್ಲಿಯವರೆಗೆ ಎಲ್ಲವೂ ಸ್ಪಷ್ಟವೆನಿಸುತ್ತದೆ. ಗೋಜಲು ಶುರುವಾಗುವುದು 'ಬದಲಾವಣೆ' ಎಂಬ ಪದಕ್ಕೆ ಅದೇ ಕಲಂ ಕೊಟ್ಟಿರುವ ವಿವರಣೆಯಲ್ಲಿ. ವಾಹನದ ರಚನೆಯಲ್ಲಿ ಮಾಡುವ, ಅದರ ಮೂಲ ಲಕ್ಷಣವನ್ನೇ ಬದಲಿಸುವ ವ್ಯತ್ಯಾಸಕ್ಕೆ ಮಾತ್ರ ಆ ಹೆಸರು. ಹಾಗಾದರೆ ಬೋಲ್ಟ್ ಬಿಚ್ಚಿ ಕಳಚಬಹುದಾದ ಬಂಪರ್ ಮೂಲ ಲಕ್ಷಣವೇ? ಬಂಪರ್ ಎಂಬ ಪದ ನೋಂದಣಿ ಪತ್ರದಲ್ಲಿ ಎಲ್ಲಿಯೂ ಇಲ್ಲ ಎಂಬುದು ಮಾಲೀಕರ ವಾದ. ನಿಜ. ಆದರೆ ಅದರಲ್ಲಿ 'ಖಾಲಿ ತೂಕ' ಎಂಬ ಅಂಕಣವಿದೆ ಎಂಬುದನ್ನು ಅವರು ಮರೆಯುತ್ತಾರೆ. ಒಂದು ಟನ್ನಿಗೂ ಕಡಿಮೆ ತೂಗುವ ಜಿಪ್ಸಿಯ ಮೇಲೆ ಎರಡು ಉಕ್ಕಿನ ಬಂಪರ್, ವಿಂಚ್, ಅಡಿಕವಚ, ಚಾವಣಿ ಕ್ಯಾರಿಯರ್ ಹೇರಿದರೆ ನೂರೈವತ್ತು ಕಿಲೋ ಸುಲಭವಾಗಿ ಏರುತ್ತದೆ. ಪತ್ರದಲ್ಲಿರುವ ಸಂಖ್ಯೆಗೂ ತೂಕದ ಕಟ್ಟೆಯ ಮೇಲಿನ ಸಂಖ್ಯೆಗೂ ಆಗ ತಾಳೆ ಬೀಳುವುದಿಲ್ಲ. ಬಂಪರ್ ಪರವಾಗಿ ವಾದಿಸುವವರು ಈ ಅಂಕಣಕ್ಕೆ ಉತ್ತರ ಸಿದ್ಧಪಡಿಸಿಕೊಂಡಿರುವುದನ್ನು ಈ ಲೇಖಕ ಈವರೆಗೆ ಕಂಡಿಲ್ಲ.

ಇನ್ನೊಂದು ಓರೆಕೋರೆಯೂ ಇದೆ. ಮಾಲೀಕನ ಮೇಲೆ ದಂಡ ಹೇರಲು ಕಲಂ ಸಿದ್ಧವಾಗಿದೆ. ಆದರೆ ಆ ಬಂಪರನ್ನು ಬೆಸೆದುಕೊಟ್ಟ ಗ್ಯಾರೇಜಿನ ಮೇಲೆ ನೇರವಾಗಿ ಬೀಳುವ ಕಲಂ ಹುಡುಕುವುದು ಕಷ್ಟ. ವಾಹನ ತಯಾರಕರು, ಆಮದುದಾರರು, ವಿತರಕರು ಹಾಗೂ ನಿರ್ಣಾಯಕ ಸುರಕ್ಷತಾ ಬಿಡಿಭಾಗಗಳನ್ನು ಮಾರುವವರ ಬಗ್ಗೆ ಕಾಯ್ದೆ ಮಾತನಾಡುತ್ತದೆ. ಊರ ಬದಿಯ ವೆಲ್ಡಿಂಗ್ ಶಾಪಿನ ಬಗ್ಗೆ ಅಲ್ಲ. ಹೀಗಾಗಿ ಮಾರಾಟ ರಾಜಾರೋಷವಾಗಿ ನಡೆಯುತ್ತದೆ, ಅಪರಾಧ ಕೊಂಡವನ ಹೆಗಲಿಗೆ ಬೀಳುತ್ತದೆ.

ಉಕ್ಕು ಏನು ಮಾಡುತ್ತದೆ?

ಕಾನೂನನ್ನು ಬದಿಗಿಟ್ಟು ಲೆಕ್ಕವನ್ನೇ ನೋಡೋಣ. ದುರ್ಗಮ ದಾರಿಯಲ್ಲಿ ಬಂಪರ್ ಬದಲಿಸಲು ಎರಡು ಸಕಾರಣಗಳಿವೆ. ಮೊದಲನೆಯದು ಮುಂಭಾಗದ ಕೋನ. ಮುಂದಿನ ಚಕ್ರ ದಿಬ್ಬವನ್ನು ಮುಟ್ಟುವ ಮುನ್ನ ಬಂಪರೇ ನೆಲಕ್ಕೆ ತಗುಲಿದರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ತುದಿಗಳನ್ನು ಮೇಲಕ್ಕೆ ಕತ್ತರಿಸಿದ ಗಿಡ್ಡ ಬಂಪರ್ ಈ ಕೋನವನ್ನು ಹೆಚ್ಚಿಸುತ್ತದೆ. ಎರಡನೆಯದು ಸಿಕ್ಕಿಬಿದ್ದಾಗ ಎಳೆಯಲು ಗಟ್ಟಿಯಾದ ಆಸರೆ. ಕೆಸರಿನಲ್ಲಿ ಹೂತ ವಾಹನವನ್ನು ಎಳೆಯುವಾಗ ಕೊಂಡಿಯ ಮೇಲೆ ಬೀಳುವ ಬಲ ವಾಹನದ ತೂಕಕ್ಕಿಂತಲೂ ಹೆಚ್ಚಿರಬಲ್ಲದು. ಆ ಕೊಂಡಿ ಚಾಸಿಗೆ ಸರಿಯಾದ ದರ್ಜೆಯ ಬೋಲ್ಟುಗಳಿಂದ ಬಿಗಿದಿರಬೇಕು. ತೆಳು ಕೊಳವೆಗೆ ಬೆಸೆದ ಕೊಕ್ಕೆ ಕಿತ್ತು ಹಾರಿದರೆ ಅದು ಗುಂಡಿಗಿಂತ ಕಡಿಮೆಯೇನಲ್ಲ. ಹಗ್ಗದ ಸಾಲಿನಲ್ಲಿ ನಿಂತವರ ಜೀವಕ್ಕೇ ಎರವಾಗುತ್ತದೆ. ಅಂದದ ಬಂಪರಿಗೂ ಕೆಲಸದ ಬಂಪರಿಗೂ ಇರುವ ವ್ಯತ್ಯಾಸ ಬಣ್ಣದಲ್ಲಿಲ್ಲ. ಅದರ ಬೆನ್ನ ಹಿಂದೆ ಚಾಸಿಯನ್ನು ಹಿಡಿದಿರುವ ತಟ್ಟೆಯಲ್ಲಿದೆ. ಕೊಳ್ಳುವವರಲ್ಲಿ ಬಗ್ಗಿ ಅದನ್ನು ನೋಡುವವರು ವಿರಳ.

ಇನ್ನು ತೂಕದ ಮಾತು. ಬಂಪರ್ ಮತ್ತು ವಿಂಚ್ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಅದರ ಗುರುತ್ವ ಮುಂದಿನ ಆಕ್ಸಲಿಗಿಂತ ಸುಮಾರು 60 ಸೆಂಟಿಮೀಟರ್ ಮುಂದಿದೆ. ಜಿಪ್ಸಿಯ ಎರಡು ಆಕ್ಸಲುಗಳ ನಡುವಿನ ಅಂತರ 2,375 ಮಿಲಿಮೀಟರ್. ಏತದ ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 100 ಕಿಲೋ ಅಲ್ಲ, ಸುಮಾರು 125 ಕಿಲೋ. ಉಳಿದ 25 ಕಿಲೋ ಹಿಂದಿನ ಚಕ್ರದಿಂದ ಕಸಿದುಕೊಂಡದ್ದು. ಅಂದರೆ ಮುಂದಿನ ಲೀಫ್ ಸ್ಪ್ರಿಂಗ್ ಕುಸಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಹಗುರವಾದ ಹಿಂದಿನ ಚಕ್ರಗಳು ಮಳೆಯಲ್ಲಿ ಬ್ರೇಕ್ ಒತ್ತಿದಾಗ ಬೇಗ ಜಾರುತ್ತವೆ. ಎತ್ತರ ಗಳಿಸಲೆಂದು ಬಂಪರ್ ಹಾಕಿದವನು ಸ್ಪ್ರಿಂಗ್ ಕುಸಿದು ಎತ್ತರ ಕಳೆದುಕೊಂಡ ಉದಾಹರಣೆಗಳು ಎಷ್ಟೋ ಇವೆ. ಆಮೇಲೆ ಅವನು ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸುತ್ತಾನೆ, ಗಾಡಿ ಎತ್ತಿನ ಬಂಡಿಯಂತೆ ಕುಲುಕತೊಡಗುತ್ತದೆ.

ವಿಂಚ್ ಆಯ್ಕೆಯಲ್ಲಿಯೂ ಇದೇ ಅವಿವೇಕ. ಮಾರುಕಟ್ಟೆಯಲ್ಲಿ ಹೆಚ್ಚು ಬೇಡಿಕೆ 9,000 ಪೌಂಡಿನ, ಅಂದರೆ ಸುಮಾರು 4,080 ಕಿಲೋ ಎಳೆಯುವ ವಿಂಚಿಗೆ. ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯಬಲ್ಲ ವಿಂಚ್ ಸಾಕು ಎಂಬುದು ಎಲ್ಲೆಡೆ ಒಪ್ಪಿತವಾದ ಲೆಕ್ಕ. ಸಾಮಾನು, ಜನ ಸೇರಿ ಒಂದೂವರೆ ಟನ್ ತೂಗುವ ಜಿಪ್ಸಿಗೆ ಎರಡೂಕಾಲು ಟನ್ನಿನ ವಿಂಚ್ ಧಾರಾಳವಾಯಿತು. ಹೆಚ್ಚು ಬೇಕೆನಿಸಿದರೆ ಮರಕ್ಕೆ ರಾಟೆಯೊಂದನ್ನು ಕಟ್ಟಿ ಹಗ್ಗ ಮಡಚಿದರೆ ಬಲ ದ್ವಿಗುಣವಾಗುತ್ತದೆ. ಆದರೆ ಹತ್ತಿಪ್ಪತ್ತು ಕಿಲೋ ಹಗುರವಾದ, ಅಗ್ಗವಾದ ವಿಂಚನ್ನು ಕೊಳ್ಳುವುದರಲ್ಲಿ ಹೇಳಿಕೊಳ್ಳುವಂಥ ಹೆಮ್ಮೆ ಏನಿದೆ! ಪೂರ್ಣ ಹೊರೆಯಲ್ಲಿ ದೊಡ್ಡ ವಿಂಚು ನೂರಾರು ಆಂಪಿಯರ್ ವಿದ್ಯುತ್ ಹೀರುತ್ತದೆ. ಹಳೆಯ ಪೆಟ್ರೋಲ್ ಜಿಪ್ಸಿಯ ಪುಟ್ಟ ಬ್ಯಾಟರಿ ಅದನ್ನು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಮೊದಲ ಕೆಸರಿನಲ್ಲಿಯೇ ಗೊತ್ತಾಗುತ್ತದೆ.

ಟೈರಿನ ವಿಷಯ ಇನ್ನೂ ಸ್ವಾರಸ್ಯಕರ. 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿಲಿಮೀಟರ್. ಅದನ್ನು ತೆಗೆದು ಹವ್ಯಾಸಿಗಳ ಮೆಚ್ಚಿನ 235/75 ಆರ್15 ಹಾಕಿದರೆ ವ್ಯಾಸ 733ಕ್ಕೆ ಏರುತ್ತದೆ. ಆಕ್ಸಲ್ ಕೆಳಗೆ ನಿಜವಾಗಿ ದೊರೆಯುವ ಎತ್ತರ ಇದರ ವ್ಯತ್ಯಾಸದ ಅರ್ಧ, ಅಂದರೆ 33 ಮಿಲಿಮೀಟರ್ ಮಾತ್ರ. ಆದರೆ ಅದೇ ಟೈರ್ ಎಂಜಿನ್ನಿನ ಎಳೆತವನ್ನು ಹತ್ತಿರ ಹತ್ತಿರ ಶೇ 9ರಷ್ಟು ಕಡಿಮೆ ಮಾಡುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುವಂತೆ ಮಾಡುತ್ತದೆ. ಮುಳ್ಳು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕುಗಳಿಗೂ ಹೆಚ್ಚಿನ ದುಡಿಮೆ. 1990ರ ದಶಕದ ಬ್ರೇಕುಗಳಿಗೆ!

ಎತ್ತರಿಸಿದ ಸ್ಪ್ರಿಂಗಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲೇ ಕಿರಿದಾದ ಜಿಪ್ಸಿಯ ಗುರುತ್ವಕೇಂದ್ರ ಮೇಲೇರುತ್ತದೆ, ಪ್ರೊಪೆಲರ್ ಶಾಫ್ಟಿನ ಕೋನ ಬದಲಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ, ಬ್ರೇಕ್ ಕೊಳವೆ ಬಿಗಿಯುತ್ತದೆ. ಕೊನೆಯದನ್ನು ಮರೆತವರಿಗೆ ಚಾರ್ಮಾಡಿಯಂಥ ಘಟ್ಟದ ಇಳಿಜಾರಿನಲ್ಲಿ ಅದು ನೆನಪಾಗುತ್ತದೆ.

ಎದುರಿಗೆ ಬಂದವನ ಪಾಡು

ಇವೆಲ್ಲ ಮಾಲೀಕ ತನ್ನ ಮೇಲೆ ತಾನೇ ತಂದುಕೊಳ್ಳುವ ತೊಂದರೆಗಳು. ಸಮಾಜ ತಲೆ ಹಾಕಬೇಕಾದದ್ದು ಬೇರೆ ಕಾರಣಕ್ಕೆ. ತೆಳು ಬಂಪರ್, ತಗಡಿನ ಬಾನೆಟ್ ಮಡಚಿಕೊಳ್ಳುವುದು ದೌರ್ಬಲ್ಯವಲ್ಲ. ಢಿಕ್ಕಿಯ ಶಕ್ತಿಯನ್ನು ಅದು ತಾನು ನುಂಗುತ್ತದೆ. ಮಡಚದ ಉಕ್ಕು ಆ ಶಕ್ತಿಯನ್ನು ಎದುರಿಗಿರುವವನಿಗೆ ದಾಟಿಸುತ್ತದೆ. ಎತ್ತರಿಸಿದ ಜೀಪಿನ ಬಂಪರ್ ಇರುವುದು ವಯಸ್ಕನ ತೊಡೆ, ಸೊಂಟದ ಮಟ್ಟದಲ್ಲಿ. ಶಾಲೆಗೆ ಹೋಗುವ ಮಗುವಿನ ಎದೆ, ತಲೆಯ ಮಟ್ಟದಲ್ಲಿ. ದ್ವಿಚಕ್ರ ಸವಾರರು, ಪಾದಚಾರಿಗಳೇ ರಸ್ತೆ ಅಪಘಾತಗಳಲ್ಲಿ ಹೆಚ್ಚಾಗಿ ಸಾಯುವ ದೇಶದಲ್ಲಿ ಇದನ್ನು ಹಗುರವಾಗಿ ಪರಿಗಣಿಸುವಂತಿಲ್ಲ.

'ನಮ್ಮ ಹಳೆಯ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಾಗಾಗಿ ಬುಲ್ ಬಾರ್ ಅದರ ಸಂವೇದಕವನ್ನು ಕೆಡಿಸುವ ಪ್ರಶ್ನೆಯೇ ಇಲ್ಲ' ಎಂಬ ವಾದವಿದೆ. ಒಂದರ್ಥದಲ್ಲಿ ಅದು ಸರಿ. ಹೊಸ ವಾಹನಗಳಲ್ಲಿ ಹೊರಗಿನ ಉಕ್ಕು ಏರ್‌ಬ್ಯಾಗ್ ತೆರೆಯುವ ಕ್ಷಣವನ್ನೇ ಏರುಪೇರು ಮಾಡಬಲ್ಲದು. ಹಳೆಯದರಲ್ಲಿ ಆ ಚಿಂತೆಯಿಲ್ಲ. ಆದರೆ ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ಚಾಲಕನನ್ನು ಕಾಯುವುದು ಸೀಟ್ ಬೆಲ್ಟ್ ಮತ್ತು ಮಡಚುವ ಲೋಹ ಎರಡೇ. ಮಡಚುವ ಲೋಹವನ್ನೂ ನಾವೇ ತೆಗೆದುಹಾಕಿದರೆ ಉಳಿದದ್ದು ಬೆಲ್ಟು. ಚಾಸಿಗೆ ನೇರ ಬಿಗಿದ ಬಂಪರಿನ ಏಟು ಚಾಸಿಯ ಮೂಲಕ ಸೀದಾ ಒಳಗೆ ಬರುತ್ತದೆ.

ದೀಪಗಳ ವಿಷಯದಲ್ಲಿ ಕರ್ನಾಟಕದ ಪೊಲೀಸರು ಸ್ವಲ್ಪ ಎಚ್ಚೆತ್ತರು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಯಿತು. ದೀಪ ಕಣ್ಣಿಗೆ ರಾಚುತ್ತದೆ, ಬಂಪರ್ ರಾಚುವುದಿಲ್ಲ. ಬಹುಶಃ ಅದಕ್ಕೇ ಬಂಪರ್ ವಿರುದ್ಧ ಅಂಥ ಕಾರ್ಯಾಚರಣೆಗಳು ವಿರಳ.

ವಿಮೆಯ ಬಗ್ಗೆ ಒಂದೆರಡು ಮಾತು. ಘೋಷಿಸದ ಮಾರ್ಪಾಡು ಇದ್ದರೆ ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಲು ಅದೊಂದೇ ನೆಪ ಸಾಕಾಗಬಹುದು. ಮೂರನೆಯವರಿಗೆ ಕೊಡಬೇಕಾದ ಪರಿಹಾರದಿಂದ ಕಂಪನಿ ಅಷ್ಟು ಸುಲಭವಾಗಿ ನುಣುಚಿಕೊಳ್ಳಲಾರದು, ಆದರೆ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡುವ ದಾರಿ ಹುಡುಕಬಹುದು. ಪಾಲಿಸಿ ನವೀಕರಿಸುವಾಗ ಬಂಪರ್, ವಿಂಚ್ ಎಂದು ಬರೆದುಕೊಡುವವರು ಎಷ್ಟು ಮಂದಿ? ಬರೆದುಕೊಟ್ಟರೆ ಕಾನೂನು ಮುರಿದುದನ್ನು ತಾವೇ ಒಪ್ಪಿಕೊಂಡಂತೆ ಎಂಬ ಅಂಜಿಕೆ ಎಲ್ಲರಿಗೂ ಇದೆ.

ಆಸ್ಟ್ರೇಲಿಯ ಮಾಡಿದ್ದು

ನಮ್ಮ ಹವ್ಯಾಸಿಗಳು ಸದಾ ಬೊಟ್ಟು ಮಾಡುವ ದೇಶ ಆಸ್ಟ್ರೇಲಿಯ. ರಾತ್ರಿ ರಸ್ತೆಗೆ ಹಾರುವ ಕಾಂಗರೂಗಳ ದೆಸೆಯಿಂದ ಅಲ್ಲಿನ ಒಳನಾಡಿನಲ್ಲಿ ಬುಲ್ ಬಾರ್ ಅಲಂಕಾರವಲ್ಲ, ಅಗತ್ಯ. ರೇಡಿಯೇಟರ್ ಒಡೆದು ಊರಿಂದ ನೂರಾರು ಕಿಲೋಮೀಟರ್ ದೂರ ನಿಂತರೆ ಪ್ರಾಣಕ್ಕೇ ಸಂಚಕಾರ. 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಎಆರ್‌ಬಿ ಎಂಬ ಕಂಪನಿ ಇದೇ ವ್ಯಾಪಾರದಿಂದ ಜಗತ್ತಿನಾದ್ಯಂತ ಬೆಳೆಯಿತು. ಆದರೆ ಅಲ್ಲಿ ಬೇಕಾದವರು ಬೇಕಾದ ಕೊಳವೆ ಬೆಸೆಯುವಂತಿಲ್ಲ ಎಂಬುದನ್ನು ನಮ್ಮವರು ಹೇಳುವುದಿಲ್ಲ. 2002ರಲ್ಲಿಯೇ ಆ ದೇಶ ಬುಲ್ ಬಾರ್‌ಗಳಿಗೆ ಪ್ರತ್ಯೇಕ ಮಾನಕ ಪ್ರಕಟಿಸಿತು. ಚೂಪು ಅಂಚು ಇರಬಾರದು, ವಾಹನದ ಮುಖದ ಆಕಾರಕ್ಕೆ ಹೊಂದಿಕೊಂಡು ಹಿಂದಕ್ಕೆ ಬಾಗಿರಬೇಕು, ಚಾಲಕನ ನೋಟಕ್ಕೆ ಅಡ್ಡಿಯಾಗಬಾರದು, ಏರ್‌ಬ್ಯಾಗ್ ಇರುವ ವಾಹನವಾದರೆ ಅದಕ್ಕೆ ತೊಂದರೆಯಾಗಬಾರದು. ಐರೋಪ್ಯ ಒಕ್ಕೂಟ 2005ರಲ್ಲಿ ಇನ್ನೂ ಮುಂದೆ ಹೋಗಿ, ಪಾದಚಾರಿಯ ಕಾಲು, ತಲೆಗೆ ಆಗುವ ಪೆಟ್ಟನ್ನು ಪ್ರಯೋಗಾಲಯದಲ್ಲಿ ಅಳೆದು ಪಾಸಾದವುಗಳನ್ನಷ್ಟೇ ಮಾರಬೇಕೆಂದು ನಿರ್ದೇಶಿಸಿತು. ಗಡುಸು ಉಕ್ಕಿನ ಕೊಳವೆಗಳು ಅಲ್ಲಿನ ಹೊಸ ಮಾರುಕಟ್ಟೆಯಿಂದ ಹೊರಬಿದ್ದವು.

ಭಾರತದಲ್ಲಿ ಇಂಥ ದಾರಿಗೆ ಕಾನೂನಿನ ಅಡ್ಡಿ ಇದೆಯೇ? ಇಲ್ಲ. 2019ರ ತಿದ್ದುಪಡಿ ದಂಡವನ್ನು ಹೆಚ್ಚಿಸಿದಂತೆಯೇ ಒಂದು ಕಿಟಕಿಯನ್ನೂ ತೆರೆದಿದೆ. ಮಾರ್ಪಾಡು, ಮರುಜೋಡಣೆಗಳಿಗೆ ವಿವರಣೆ, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ನಿಗದಿಪಡಿಸಬಹುದು. ಹಾಗೆ ಅನುಮೋದಿತವಾದ ಮಾರ್ಪಾಡಿನಿಂದ ತಯಾರಕರ ವಾರಂಟಿ ರದ್ದಾಗತಕ್ಕದ್ದಲ್ಲ ಎಂದು ಅದೇ ಕಲಂ 52 ಈಗ ಹೇಳುತ್ತದೆ. ಅನಿಲ ಕಿಟ್, ವಿದ್ಯುತ್ ಕಿಟ್‌ಗಳಿಗೆ ಅನುಮೋದನೆಯ ವ್ಯವಸ್ಥೆ ಇದೆ. ಕಿಟ್ ಪರೀಕ್ಷೆಗೊಳಗಾಗುತ್ತದೆ, ಪ್ರಮಾಣಪತ್ರ ಸಿಗುತ್ತದೆ, ನೋಂದಣಿ ಪತ್ರದಲ್ಲಿ ದಾಖಲಾಗುತ್ತದೆ. ವಿಂಚ್ ಬಂಪರಿಗೆ ಅದೇ ಕ್ರಮ ಅನ್ವಯಿಸಲು ಹೊಸ ಕಾಯ್ದೆ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಬೇಡಿಕೆ ಸಲ್ಲಿಸಬೇಕಾದ ಹವ್ಯಾಸಿ ಕೂಟಗಳು ಮಾತ್ರ ದಂಡದ ವಿರುದ್ಧ ಗೊಣಗುವುದರಲ್ಲಿಯೇ ತೃಪ್ತವಾಗಿವೆ. ಮಾನಕ ಬಂದರೆ ತಮ್ಮ ಈಗಿನ ಬಂಪರುಗಳಲ್ಲಿ ಹೆಚ್ಚಿನವು ಅದರಲ್ಲಿ ನಪಾಸಾಗುತ್ತವೆ ಎಂಬ ಅಳುಕೂ ಇದ್ದೀತು.

ಮಾಂದಲಪಟ್ಟಿಯ ಜೀಪುಗಳು

ಇಷ್ಟೆಲ್ಲ ಚರ್ಚೆಯಲ್ಲಿ ಮರೆತುಹೋಗುವ ಒಂದು ವರ್ಗವಿದೆ. ಮಡಿಕೇರಿ ಸಮೀಪದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ, ಚಿಕ್ಕಮಗಳೂರಿನ ಜಲಪಾತಗಳಿಗೆ ಇಳಿಸುವ ಜೀಪುಗಳವು. ನಗರದ ಹವ್ಯಾಸಿ ತಿಂಗಳಿಗೊಮ್ಮೆ ಕೆಸರಿಗಿಳಿದರೆ ಇವು ಋತುವಿನಲ್ಲಿ ದಿನಕ್ಕೆ ಹಲವು ಬಾರಿ ಅದೇ ಕಡಿದಾದ ದಾರಿಯಲ್ಲಿ ಓಡುತ್ತವೆ. ಗಾಡಿ ಹಳೆಯದು, ಚಾವಣಿ ಕೊಳವೆಯದು, ಎಂಜಿನ್ ಎಷ್ಟನೆಯದೋ ದೇವರೇ ಬಲ್ಲ. ಒಳಗೆ ಕುಳಿತವರು ಬೆಂಗಳೂರಿನ ಸಂಸಾರಸ್ಥರು. ಬಂಪರ್ ಎಷ್ಟು ದಪ್ಪ ಎಂಬುದು ಇಲ್ಲಿ ತೀರ ಚಿಕ್ಕ ಪ್ರಶ್ನೆ. ಹಿಂದಿನ ಸೀಟಿಗೆ ಬೆಲ್ಟ್ ಇದೆಯೇ, ಮಗುಚಿದರೆ ತಲೆಯ ಮೇಲಿನ ಕೊಳವೆ ಭಾರ ತಡೆಯುತ್ತದೆಯೇ, ಬ್ರೇಕ್ ಕೊಳವೆಯನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂಬುವೇ ದೊಡ್ಡವು. ಸುಪ್ರೀಂ ಕೋರ್ಟಿನ ತೀರ್ಪನ್ನು ಅಕ್ಷರಶಃ ಜಾರಿಗೊಳಿಸಿದರೆ ಈ ಜೀಪುಗಳಲ್ಲಿ ಬಹಳಷ್ಟು ನಾಳೆಯೇ ನಿಲ್ಲಬೇಕು, ನೂರಾರು ಕುಟುಂಬಗಳ ಅನ್ನವೂ ಅದರೊಂದಿಗೆ. ಜಾರಿಗೊಳಿಸದೆ ಬಿಟ್ಟರೆ ಅವುಗಳ ಸುರಕ್ಷತೆಯ ಬಗ್ಗೆ ಯಾರೂ ಅಧಿಕೃತವಾಗಿ ಏನನ್ನೂ ಕೇಳುವಂತಿಲ್ಲ. ಏಕೆಂದರೆ ಇರಬಾರದ ವಾಹನಕ್ಕೆ ನಿಯಮ ರೂಪಿಸುವುದು ಹೇಗೆ?

ಸಂಪೂರ್ಣ ನಿಷೇಧದ ದೊಡ್ಡ ದೋಷವೇ ಇದು. ಒಳ್ಳೆಯ ಬಂಪರಿಗೂ ಕೆಟ್ಟ ಬಂಪರಿಗೂ ಅದು ಭೇದವೆಣಿಸುವುದಿಲ್ಲ. ಚಾಸಿಗೆ ಎಂಟು ಬೋಲ್ಟುಗಳಿಂದ ಬಿಗಿದು ಲೆಕ್ಕ ಹಾಕಿ ಮಾಡಿದ್ದಕ್ಕೂ 5,000, ನೀರಿನ ಪೈಪು ಬೆಸೆದು ಕ್ರೋಮ್ ಹಚ್ಚಿದ್ದಕ್ಕೂ 5,000. ಹೀಗಿರುವಾಗ ಹೆಚ್ಚು ಹಣ ಕೊಟ್ಟು ಒಳ್ಳೆಯದನ್ನು ಕೊಳ್ಳುವವನು ಯಾರು?

ತಮ್ಮ ಹಳೆಯ ಜೀಪಿಗೆ ಕೈಹಾಕಲು ಹೊರಟ ಓದುಗರಿಗೆ ಗ್ಯಾರೇಜಿನ ಅನುಭವಿಗಳು ಹೇಳುವ ಕ್ರಮ ಬೇರೆಯೇ ಇದೆ. ಬಂಪರ್ ಅದರಲ್ಲಿ ಕಟ್ಟಕಡೆಗೆ ಬರುತ್ತದೆ. ಮೊದಲು ಗಾಡಿಯನ್ನು ಎತ್ತಿ ನಿಲ್ಲಿಸಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ ಕಂಡ ಚಾಸಿಯಲ್ಲಿ ತುಕ್ಕು ಒಳಗಿನಿಂದ ತಿಂದಿರುತ್ತದೆ. ಮಂದವಾದ ಸದ್ದು ಬಂದ ಕಡೆ ಬಂಪರಿನ ಬೋಲ್ಟ್ ಹಿಡಿಯುವುದಿಲ್ಲ. ಅನಂತರ ಬ್ರೇಕು, ಸ್ಟೇರಿಂಗ್ ಜಾಯಿಂಟು, ಚಕ್ರದ ಬೇರಿಂಗು. ಕಂಪನಿಯ ಅಳತೆಯ ಒಳ್ಳೆಯ ಟೈರು. ಮುಂದೊಂದು ಹಿಂದೊಂದು ಚಾಸಿಗೆ ಬಿಗಿದ ಎಳೆಯುವ ಕೊಂಡಿ, ಒಂದು ಒಳ್ಳೆಯ ಹಗ್ಗ, ಒಂದು ಸನಿಕೆ. ಜೊತೆಗೆ ಇನ್ನೊಂದು ವಾಹನವಿದ್ದರೆ ವಿಂಚ್ ಕೂಡ ಬೇಕಾಗುವುದಿಲ್ಲ. ಇವುಗಳಲ್ಲಿ ಯಾವುದೂ ಕಲಂ 52ರ ಬಾಯಿಗೆ ಬೀಳುವಂಥದ್ದಲ್ಲ, ಯಾವುದೂ ಫೋಟೋದಲ್ಲಿ ಚೆನ್ನಾಗಿ ಕಾಣುವುದೂ ಇಲ್ಲ.

ಸದ್ಯಕ್ಕೆ ನಡೆದುಬಂದಿರುವ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ. ನೋಂದಣಿ ನವೀಕರಣದ ದಿನ ಹತ್ತಿರವಾದಂತೆ ಮಾಲೀಕ ಗ್ಯಾರೇಜಿಗೆ ಹೋಗಿ ಉಕ್ಕಿನ ಬಂಪರ್ ಕಳಚುತ್ತಾನೆ. ಅಟ್ಟದ ಮೇಲಿಟ್ಟಿದ್ದ ಹಳೆಯ ತಗಡಿನ ಬಂಪರ್, ಸಣ್ಣ ಟೈರುಗಳು ಕೆಳಗಿಳಿಯುತ್ತವೆ; ಇಲ್ಲದವರಿಗೆ ಗ್ಯಾರೇಜಿನವನೇ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಾನೆ. ಇನ್ಸ್‌ಪೆಕ್ಟರು ಚಾಸಿ ಸಂಖ್ಯೆಯ ಅಚ್ಚು ತೆಗೆದುಕೊಂಡು, ಗಾಡಿಯನ್ನು ಒಂದು ಸುತ್ತು ನೋಡಿ ಸಹಿ ಹಾಕುತ್ತಾರೆ. ಮರುದಿನ ಸಂಜೆಯ ಹೊತ್ತಿಗೆ ಉಕ್ಕು ಮತ್ತೆ ತನ್ನ ಜಾಗದಲ್ಲಿರುತ್ತದೆ, ಐದು ವರ್ಷಗಳ ಮಟ್ಟಿಗೆ.